ಮಾಧವ ಗಾಡ್ಗೀಳ: ಗಣಿತದಿಂದ ಗ್ರಾಮಸಭೆಯವರೆಗೆ

(ಸಂಘದ ಉಪನ್ಯಾಸಮಾಲೆಯಲ್ಲಿ ಪುಣೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪರಿಸರ ವಿಜ್ಞಾನಿಯೊಬ್ಬರ ಬಗೆಗೆ ಮಾತನಾಡಲು ಲೆಕ್ಕಪತ್ರ ಇಲಾಖೆಯ ಅಧಿಕಾರಿಯೊಬ್ಬನನ್ನು ಕರೆದಿದ್ದೀರಿ. ನಾನು ವಿಜ್ಞಾನಿಯಲ್ಲ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕೇಂದ್ರ ಸರ್ಕಾರದ ನೌಕರಿ ಹಿಡಿದು, ಮೂವತ್ತು ವರ್ಷಗಳಿಂದ ಇತರರ ಖರ್ಚುವೆಚ್ಚಗಳನ್ನು ತಾಳೆ ನೋಡುತ್ತ ಬಂದವನು. ಇಲ್ಲಿ ಆಡುವ ಮಾತುಗಳು ನನ್ನ ಸ್ವಂತದವು, ಇಲಾಖೆಯವಲ್ಲ ಎಂಬುದನ್ನು ನೌಕರಿಯ ನಿಯಮದಂತೆ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಆದರೂ ಈ ವಿಷಯವನ್ನು ನಾನೇ ಕೇಳಿ ಪಡೆದುಕೊಂಡೆ. ಅದಕ್ಕೆ ಕಾರಣ ಎರಡು. ಮೊದಲನೆಯದು ಸುಲಭದ್ದು: ಪುಣೆಯಲ್ಲಿ ಹುಟ್ಟಿದ ಒಬ್ಬ ಮನುಷ್ಯ ನಮ್ಮ ಉತ್ತರ ಕನ್ನಡದ ಕಾಡುಗಳಲ್ಲಿ ತನ್ನ ಆಯುಷ್ಯದ ಬಹುಭಾಗವನ್ನು ಕಳೆದರು; ಆ ಕಾಡಿನ ಅಂಚಿನಲ್ಲಿ ಹುಟ್ಟಿದ ನಾನು ಪುಣೆಗೆ ಬಂದು ನನ್ನ ಆಯುಷ್ಯದ ಬಹುಭಾಗವನ್ನು ಕಳೆದೆ. ಎರಡನೆಯದು ಅಷ್ಟು ಸುಲಭದ್ದಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮಾಧವ ಗಾಡ್ಗೀಳರು ಹುಟ್ಟಿದ್ದು 1942ರ ಮೇ 24ರಂದು. ತಂದೆ ಧನಂಜಯರಾವ್ ಗಾಡ್ಗೀಳರ ಹೆಸರು ಈ ಊರಿನಲ್ಲಿ ಯಾರಿಗೂ ಹೊಸದಲ್ಲ. ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು, ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದವರು, ರಾಜ್ಯಗಳಿಗೆ ಕೇಂದ್ರದ ನೆರವನ್ನು ಹಂಚುವ 'ಗಾಡ್ಗೀಳ ಸೂತ್ರ'ವನ್ನು ಕೊಟ್ಟವರು. ನನ್ನಂಥ ಸರ್ಕಾರಿ ನೌಕರರಿಗೆ ಬಹುಕಾಲ 'ಗಾಡ್ಗೀಳ' ಎಂದರೆ ಆ ಸೂತ್ರವೇ. ಅವರಿಗೆ ಪಕ್ಷಿವೀಕ್ಷಣೆಯ ಹವ್ಯಾಸವೂ ಇತ್ತು. ಮಗನಿಗೆ ಬಾಲ್ಯದಲ್ಲಿಯೇ ಅದು ಅಂಟಿಕೊಂಡಿತು. ನೆರೆಯಲ್ಲಿದ್ದ ಇರಾವತಿ ಕರ್ವೆಯವರಿಂದ ಜಾತಿ, ಕುಲ, ಊರುಗಳನ್ನು ಕಣ್ಣಾರೆ ಕಂಡು ತಿಳಿಯುವ ಅಭ್ಯಾಸ ಬಂತು. ಹಕ್ಕಿಗಳ ವಿಷಯದಲ್ಲಿ ಸಾಲೀಂ ಅಲಿಯವರೇ ಮಾರ್ಗದರ್ಶಕರು. ಒಂದೇ ಮನೆಯ ಸುತ್ತಮುತ್ತ ಅರ್ಥಶಾಸ್ತ್ರ, ಮಾನವಶಾಸ್ತ್ರ, ಪಕ್ಷಿಶಾಸ್ತ್ರ ಮೂರೂ ಇದ್ದವು. ಮುಂದೆ ಅವರು ಬರೆದುದೆಲ್ಲದರಲ್ಲಿ ಈ ಮೂರೂ ಒಂದರೊಳಗೊಂದು ಬೆರೆತುಕೊಂಡಿರುವುದು ಆಶ್ಚರ್ಯವಲ್ಲ.

ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎಸ್ಸಿ., ಮುಂಬಯಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ., ಅಲ್ಲಿಂದ ಅಮೆರಿಕದ ಹಾರ್ವರ್ಡ್. ಅಲ್ಲಿ ವಿಲಿಯಂ ಬೊಸರ್ಟ್ ಎಂಬ ಗಣಿತಜ್ಞ ಜೀವವಿಜ್ಞಾನಿಯ ಬಳಿ 1969ರಲ್ಲಿ ಪಿಎಚ್.ಡಿ. ಮುಗಿಸಿದರು. ಗಣಕಯಂತ್ರವೆಂದರೆ ಒಂದು ಕೋಣೆಯನ್ನೇ ತುಂಬುತ್ತಿದ್ದ ಕಾಲ ಅದು. ಜೀವಿಗಳ ಬಾಳನ್ನು ಸಮೀಕರಣಗಳಲ್ಲಿ ಹಿಡಿಯಬಹುದೆಂದು ಹೊರಟ ಮೊದಲ ಪೀಳಿಗೆಯವರಲ್ಲಿ ಇವರೊಬ್ಬರು.

ಆ ಸಮೀಕರಣಗಳಲ್ಲಿ ಏನಿತ್ತು? 1970ರಲ್ಲಿ ಗಾಡ್ಗೀಳ ಮತ್ತು ಬೊಸರ್ಟ್ ಸೇರಿ 'ಅಮೆರಿಕನ್ ನ್ಯಾಚುರಲಿಸ್ಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ನಾನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಯ ಕಣ್ಣಿನಿಂದ ಓದಿದ್ದೇನೆ. ಅದರ ಸಾರವನ್ನು ಆಯವ್ಯಯದ ಭಾಷೆಯಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ಪ್ರತಿಯೊಂದು ಜೀವಿಗೂ ದೊರೆಯುವ ಆಹಾರ, ಕಾಲ, ಶಕ್ತಿಗಳಿಗೆ ಮಿತಿಯಿದೆ. ಅದನ್ನು ಮೂರು ಬಾಬುಗಳಿಗೆ ಹಂಚಬೇಕು: ತಾನು ಬೆಳೆಯುವುದಕ್ಕೆ, ತಾನು ಬದುಕಿ ಉಳಿಯುವುದಕ್ಕೆ, ಸಂತಾನಕ್ಕೆ. ಒಂದು ಬಾಬಿಗೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆ. ಮಾವು ಪ್ರತಿ ವರ್ಷ ಒಂದಿಷ್ಟು ಫಲ ಕೊಟ್ಟು, ಉಳಿದುದನ್ನು ಕಾಂಡಕ್ಕೆ, ಬೇರಿಗೆ ಹಾಕಿ, ಮುಂದಿನ ವರ್ಷವೂ ಬದುಕುತ್ತದೆ, ಸಂಬಳದಾರನ ಮಾರ್ಗ. ಕೆಲವು ಜೀವಿಗಳು ಹಾಗಲ್ಲ. ವರ್ಷಾನುಗಟ್ಟಲೆ ಕೂಡಿಟ್ಟು, ಒಂದು ದಿನ ಭವಿಷ್ಯನಿಧಿಯನ್ನೆಲ್ಲ ಒಮ್ಮೆಗೇ ತೆಗೆದು ಸಂತಾನಕ್ಕೆ ಸುರಿದು ಸತ್ತುಹೋಗುತ್ತವೆ. ಶಾಂತಸಾಗರದ ಸಾಲ್ಮನ್ ಮೀನು ಹಾಗೆ, ಕತ್ತಾಳೆ ಹಾಗೆ, ನಮ್ಮ ಬಿದಿರು ಹಾಗೆ. ಯಾವ ಸಂದರ್ಭದಲ್ಲಿ ಯಾವ ಮಾರ್ಗ ಲಾಭದಾಯಕ? ಸ್ವಲ್ಪ ವೆಚ್ಚ ಮಾಡಿದರೆ ಹುಟ್ಟುವ ಲಾಭ ತೀರ ಅಲ್ಪವಾಗಿದ್ದು, ವೆಚ್ಚ ಏರಿದಷ್ಟೂ ಪ್ರತಿಯೊಂದು ಹೆಚ್ಚುವರಿ ರೂಪಾಯಿಯೂ ಹೆಚ್ಚು ಹೆಚ್ಚು ಲಾಭ ತರುವಂತಿದ್ದರೆ, ಆಗ ಎಲ್ಲವನ್ನೂ ಒಮ್ಮೆಗೇ ಸುರಿಯುವುದೇ ಸರಿ. ಹಾಗಿಲ್ಲದಿದ್ದರೆ ಕಂತು ಕಂತಾಗಿ ಕೊಡುವುದು ಸರಿ. ಇಷ್ಟನ್ನು ಗಣಿತದಿಂದ ತೋರಿಸಿದರು. ಬಿದಿರು ಹೂಬಿಟ್ಟಾಗ ಕಾಡಿನ ಇಲಿಗಳೆಲ್ಲ ಸೇರಿ ತಿಂದರೂ ಮುಗಿಯದಷ್ಟು ಅಕ್ಕಿ ಉದುರುತ್ತದೆ. ಕೆಲವೇ ಮೆಳೆಗಳು ಆಗಾಗ ಬಿಟ್ಟಿದ್ದರೆ ಒಂದು ಕಾಳೂ ಮೊಳೆಯುತ್ತಿರಲಿಲ್ಲ. 1976ರಲ್ಲಿ ಡೇನಿಯಲ್ ಜಾನ್ಜೆನ್ ಎಂಬ ವಿಜ್ಞಾನಿ ಬಿದಿರಿನ ದೀರ್ಘ ಕಾಯುವಿಕೆಗೆ ಕೊಟ್ಟ ಕಾರಣ ಇದೇ. ಬಿದಿರಕ್ಕಿಯ ಗಂಜಿಯ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ ನನಗೆ ಆ ಗಣಿತ ಬಹಳ ಹಿಡಿಸಿತು.

ಹಾರ್ವರ್ಡಿನಲ್ಲಿ ಎರಡು ವರ್ಷ ಪಾಠ ಹೇಳಿ, 1971ರಲ್ಲಿ ಅವರು ಪುಣೆಗೆ ಮರಳಿದರು. ಜೊತೆಗೆ ಪತ್ನಿ ಸುಲೋಚನಾ ಇದ್ದರು. ಮುಂದೆ ಮುಂಗಾರಿನ ವಿಜ್ಞಾನದಲ್ಲಿ ಅವರದು ಬಹು ದೊಡ್ಡ ಹೆಸರಾಯಿತು. ಅಂದು ಮಹಾರಾಷ್ಟ್ರ ವಿಜ್ಞಾನ ವರ್ಧಿನಿ ಎನ್ನಿಸಿಕೊಂಡಿದ್ದ, 1992ರಿಂದ ಆಘಾರಕರ ಸಂಶೋಧನ ಸಂಸ್ಥೆ ಎನ್ನಿಸಿಕೊಂಡಿರುವ ಕಡೆ ಅವರು ಕೆಲಸಕ್ಕೆ ಸೇರಿದರು. (ಈ ಸಂಸ್ಥೆ ಇರುವುದು ಆಗರಕರ ರಸ್ತೆಯಲ್ಲಿ. ಸಸ್ಯಶಾಸ್ತ್ರಜ್ಞ ಆಘಾರಕರರೂ ಸಮಾಜಸುಧಾರಕ ಆಗರಕರರೂ ಬೇರೆ ಬೇರೆ ಎಂಬುದು ನನಗೆ ತಿಳಿಯಲು ಪುಣೆಯಲ್ಲಿ ನಾಲ್ಕು ವರ್ಷ ಬೇಕಾಯಿತು.) ಅಲ್ಲಿ ಸಸ್ಯಶಾಸ್ತ್ರಜ್ಞ ವಿ.ಡಿ. ವರ್ತಕರೊಡನೆ ಅವರು ಸಹ್ಯಾದ್ರಿಯ 'ದೇವರಾಯಿ'ಗಳನ್ನು ಸುತ್ತಿದರು. ನಮ್ಮ ಕೊಡಗಿನವರು ದೇವರಕಾಡು ಎನ್ನುವುದು ಅದನ್ನೇ. ಸುತ್ತಲಿನ ಗುಡ್ಡಗಳೆಲ್ಲ ಬೋಳಾಗಿರುವಲ್ಲಿ ಗ್ರಾಮದೇವತೆಯ ಹೆಸರಿನಲ್ಲಿ ಉಳಿದ ಒಂದೆರಡು ಎಕರೆಯ ದಟ್ಟ ಕಾಡು. 1975, 1976ರಲ್ಲಿ ಅವರಿಬ್ಬರು ಪ್ರಕಟಿಸಿದ ಬರಹಗಳು ಈ ವಿಷಯದಲ್ಲಿ ಇಂದಿಗೂ ಮೊದಲು ನೋಡಬೇಕಾದವು. ಸಮೀಕರಣಗಳ ಪಂಡಿತನೊಬ್ಬ ಹಳ್ಳಿಯ ಮುದುಕರ ಮುಂದೆ ಕುಳಿತು ಪಾಠ ಹೇಳಿಸಿಕೊಂಡದ್ದು ಅಲ್ಲಿಂದ ಮೊದಲಾಯಿತೆಂದು ನಾನು ತಿಳಿದಿದ್ದೇನೆ.

1973ರಲ್ಲಿ ಸತೀಶ ಧವನ್ ಅವರ ಆಹ್ವಾನದಂತೆ ದಂಪತಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಹೋದರು. ಮುಂದಿನ ಮೂವತ್ತೊಂದು ವರ್ಷ, 2004ರವರೆಗೆ, ಗಾಡ್ಗೀಳರು ಕರ್ನಾಟಕದವರು. ಪರಿಸರ ವಿಜ್ಞಾನ ಕೇಂದ್ರವನ್ನು ಅಲ್ಲಿ ಕಟ್ಟಿದರು. ಕುಮಟೆಯಲ್ಲಿ ಅದರ ಕ್ಷೇತ್ರ ಕೇಂದ್ರವಾಯಿತು. ಬಂಡೀಪುರದ ಆನೆಗಳನ್ನು ನೋಡಿದರು. ಆನೆಗಳ ವಿಷಯದಲ್ಲಿ ಇಂದು ಜಗತ್ತಿನ ದೊಡ್ಡ ಪಂಡಿತರೆನ್ನಿಸಿಕೊಂಡಿರುವ ರಾಮನ್ ಸುಕುಮಾರ್ ಅವರ ಶಿಷ್ಯರೇ. ಆದರೆ ಇಂದು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಬಿದಿರಿನ ಹತ್ತಿರ.

ನಾನು ಹುಟ್ಟಿದ್ದು ಯಲ್ಲಾಪುರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ. ಚಿಕ್ಕಂದಿನಲ್ಲಿ ದಿನವೂ ಕಂಡ ನೋಟ ಬಿದಿರು ಹೇರಿಕೊಂಡು ದಾಂಡೇಲಿಯ ಕಾಗದದ ಗಿರಣಿಗೆ ಹೋಗುವ ಲಾರಿಗಳದು. ಹಿಂದಿನ ಬಿದಿರ ತುದಿಗಳು ರಸ್ತೆಯನ್ನು ಗುಡಿಸುತ್ತ ಹೋಗುತ್ತಿದ್ದವು. ನಾವು ಹುಡುಗರು ಲಾರಿಗಳನ್ನು ಎಣಿಸುತ್ತಿದ್ದೆವು. ಐವತ್ತರ ದಶಕದ ಕೊನೆಗೆ ಆ ಗಿರಣಿ ಆರಂಭವಾದಾಗ ಸರ್ಕಾರ ಅದಕ್ಕೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಕೊಟ್ಟಿತೆಂದು ಗಾಡ್ಗೀಳರು ಮತ್ತೆ ಮತ್ತೆ ಬರೆದಿದ್ದಾರೆ. ಅದೇ ಬಿದಿರನ್ನು ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ಬೆಲೆಗೆ ಕೊಳ್ಳಬೇಕಾಗಿತ್ತು. ಲೆಕ್ಕಪರಿಶೋಧಕನಾಗಿ ನನಗೆ ಇಂಥ ಕಡತವೊಂದು ಸಿಕ್ಕಿದ್ದರೆ ಆಕ್ಷೇಪಣೆ ಬರೆಯಲು ಎರಡು ಹಾಳೆ ಸಾಲುತ್ತಿರಲಿಲ್ಲ. ಆದರೆ ಆಗ ಬರೆದವರಿಲ್ಲ. ಅರಣ್ಯ ಇಲಾಖೆಯ ಅಂದಾಜಿನಂತೆ ಈ ಬಿದಿರು ಮುಗಿಯುವುದೇ ಇಲ್ಲವಾಗಿತ್ತು. ಎಪ್ಪತ್ತರ ದಶಕದ ಹೊತ್ತಿಗೆ ಮುಗಿಯುತ್ತ ಬಂತು. ಮೇದಾರರು ಗಿರಣಿಯನ್ನು ದೂರಿದರು. ಗಿರಣಿಯವರು ಹಳ್ಳಿಗರನ್ನೂ ಅವರ ದನಗಳನ್ನೂ ದೂರಿದರು.

ಈ ವ್ಯಾಜ್ಯದ ನಡುವೆ, 1975ರ ಸುಮಾರಿಗೆ, ಗಾಡ್ಗೀಳರಿಗೆ ಬಿದಿರಿನ ಅಧ್ಯಯನದ ಕೆಲಸ ಬಂತು. ಎಸ್. ನರೇಂದ್ರ ಪ್ರಸಾದ್ ಎಂಬ ಸಹೋದ್ಯೋಗಿಯೊಡನೆ ಕಾಡು ಸೇರಿದರು. ಅವರು ಮಾಡಿದ್ದು ಸರಳವಾದ ಕೆಲಸ: ಮೆಳೆಗಳನ್ನು ಎಣಿಸುವುದು, ಪ್ರತಿ ಮೆಳೆಯಲ್ಲಿ ಎಷ್ಟು ಕಳಲೆ ಎದ್ದಿತು, ಅದರಲ್ಲಿ ಎಷ್ಟು ಗಳವಾಗಿ ಬೆಳೆಯಿತು ಎಂದು ವರ್ಷ ವರ್ಷ ಬರೆದಿಡುವುದು. ಇಲಾಖೆಯ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಿನದೆಂದು ಮೊದಲು ತಿಳಿಯಿತು. ಅದಕ್ಕಿಂತ ಸ್ವಾರಸ್ಯದ್ದು ಮುಳ್ಳಿನ ವಿಷಯ. ಹೆಬ್ಬಿದಿರ ಮೆಳೆಯ ಬುಡದಲ್ಲಿ ಮುಳ್ಳುಗೊಂಬೆಗಳು ಒಂದರೊಳಗೊಂದು ಹೆಣೆದುಕೊಂಡು ಕೋಟೆಯಂತಿರುತ್ತವೆ. ಇದರಿಂದ ಮೆಳೆಗೆ ಉಸಿರು ಕಟ್ಟುತ್ತದೆ, ಕಳಲೆ ನೆಟ್ಟಗೆ ಏಳುವುದಿಲ್ಲ ಎಂದು ತಜ್ಞರ ಅಭಿಪ್ರಾಯ. ಆದ್ದರಿಂದ ಮುಳ್ಳನ್ನು ಸವರಿ ಬುಡವನ್ನು ಸ್ವಚ್ಛ ಮಾಡಿಸುತ್ತಿದ್ದರು. ಅದಕ್ಕೆ ಹಣವೂ ಮಂಜೂರಾಗುತ್ತಿತ್ತು. ಹಳ್ಳಿಯವರು ಹೇಳುತ್ತಿದ್ದುದು ಬೇರೆ: ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ, ದನ, ಮುಸಿಯ, ಮುಳ್ಳುಹಂದಿ ಎಲ್ಲಕ್ಕೂ ಬಾಗಿಲು ತೆರೆದಂತೆ. ಎಣಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಸ್ವಚ್ಛ ಮಾಡಿದ ಮೆಳೆಗಳಲ್ಲಿ ಎಳೆಯ ಕಳಲೆಗಳು ಪ್ರಾಣಿಗಳ ಬಾಯಿಗೆ ಹೋಗುತ್ತಿದ್ದವು. ಮುಳ್ಳು ಮೆಳೆಯ ರೋಗವಲ್ಲ, ಅದರ ಬೇಲಿ.

ಈ ಪ್ರಸಂಗವನ್ನು ನಾನು ಹಲವು ಸಲ ಯೋಚಿಸಿದ್ದೇನೆ. ನಮ್ಮ ಮನೆಯ ಆಳು ಕೂಡ ಇದನ್ನು ಹೇಳಬಲ್ಲವನಾಗಿದ್ದ. ಆದರೆ ಅವನು ಹೇಳಿದರೆ ಅದು ಮಾತು. ಎಣಿಸಿ ಕೋಷ್ಟಕ ಮಾಡಿದರೆ ಪುರಾವೆ. ಆ ಮಾತನ್ನು ಪುರಾವೆಯನ್ನಾಗಿ ಮಾಡುವುದಕ್ಕೆ ಹಾರ್ವರ್ಡಿನ ಗಣಿತ ಬೇಕಾಯಿತೆ ಎಂದು ಯಾರಾದರೂ ಕೇಳಬಹುದು. ಬಹುಶಃ ಗಣಿತವಲ್ಲ, ಆ ಮಾತನ್ನು ಕೇಳುವ ಕಿವಿ ಬೇಕಾಗಿತ್ತು. ಸಮೀಪದ ಬಿದಿರು ತೀರಿದ ಮೇಲೆ ಗಿರಣಿಗಳು ದೂರದ ಕಾಡಿಗೆ, ಹೊರಜಿಲ್ಲೆಗೆ, ಹೊರರಾಜ್ಯಕ್ಕೆ ಕೈಚಾಚುತ್ತ ಹೋದುದನ್ನು ಗಾಡ್ಗೀಳರೂ ಇತಿಹಾಸಕಾರ ರಾಮಚಂದ್ರ ಗುಹಾ ಅವರೂ 1992ರ 'ದಿಸ್ ಫಿಶರ್ಡ್ ಲ್ಯಾಂಡ್' ಎಂಬ ಪುಸ್ತಕದಲ್ಲಿ ವಿವರಿಸಿದ್ದಾರೆ. ಬಿದಿರ ಲಾರಿಗಳನ್ನು ಎಣಿಸಿದ ಹುಡುಗರಲ್ಲಿ ಯಾರಾದರೂ ಅದನ್ನು ಓದಿದರೆ ತಮ್ಮ ಊರಿನ ಚರಿತ್ರೆಯನ್ನೇ ಓದಿದಂತಾಗುತ್ತದೆ.

ನನ್ನ ತಾಯಿಯ ತವರು ಸಿದ್ದಾಪುರ ತಾಲ್ಲೂಕಿನಲ್ಲಿ, ಸೊರಬದ ಗಡಿಗೆ. ಅಲ್ಲಿ 'ಕಾನು' ಎನ್ನುತ್ತಾರೆ. ಕಾಡು ಬೇರೆ, ಕಾನು ಬೇರೆ ಎಂದು ಆ ಕಡೆಯ ಮಗುವಿಗೂ ಗೊತ್ತು. ಕಾನು ಎಂದರೆ ನಿತ್ಯ ಹಸುರಿನ, ನೀರಿನ ಒರತೆಯಿರುವ, ಕೊಡಲಿ ಆಡಿಸಬಾರದ ಕಾಡು. ಒಳಗೆ ದೇವರು, ಮರಗಳ ಮೇಲೆ ಮೆಣಸಿನ ಬಳ್ಳಿ. ಬ್ರಿಟಿಷರ ಕಾಲದಲ್ಲಿ 1868ರಲ್ಲಿಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಮೇಲೆ ವರದಿ ಬರೆದಿದ್ದಾರೆ. ಮುಂದೆ ಕಾನುಗಳು ಅರಣ್ಯ ಇಲಾಖೆಯ ಲೆಕ್ಕದಲ್ಲಿ ಬರಿಯ ಮರದ ದಾಸ್ತಾನುಗಳಾದವು. ಕುಮಟೆಯ ಪ್ರಾಧ್ಯಾಪಕ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಗಾಡ್ಗೀಳರು ಈ ಕಾನುಗಳ ಮೇಲೆ ತೊಂಬತ್ತರ ದಶಕದಲ್ಲಿ ಬರೆದಾಗ, ನಮ್ಮ ಅಜ್ಜನ ಶಬ್ದವೊಂದು ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಗಿರುವುದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅವರ ಎಲ್ಲ ಬರಹಗಳೂ ನನಗೆ ಒಪ್ಪಿಗೆಯೆಂದಲ್ಲ. ಮಾನವಶಾಸ್ತ್ರಜ್ಞ ಕೈಲಾಸ ಮಲ್ಹೋತ್ರಾ ಅವರೊಡನೆ ಎಂಬತ್ತರ ದಶಕದಲ್ಲಿ ಅವರು ಜಾತಿಪದ್ಧತಿಯನ್ನು ಪರಿಸರದ ದೃಷ್ಟಿಯಿಂದ ನೋಡಿದರು. ನಮ್ಮ ಪಶ್ಚಿಮ ಮಹಾರಾಷ್ಟ್ರದ ಅಲೆಮಾರಿಗಳಲ್ಲಿ ಫಾಸೆಪಾರಧಿಗಳು ಉರುಲು ಹಾಕಿ ಜಿಂಕೆ, ಹಕ್ಕಿ ಹಿಡಿಯುತ್ತಾರೆ. ನಂದಿವಾಲರು ನಾಯಿಗಳೊಡನೆ ಹಂದಿ, ಉಡ ಬೇಟೆಯಾಡುತ್ತಾರೆ. ವೈದುಗಳು ಪುನುಗು, ಮುಂಗುಸಿ ಹಾಗೂ ನೀರಿನ ಆಮೆ, ಏಡಿಗಳನ್ನು ಹಿಡಿಯುತ್ತಾರೆ. ಒಬ್ಬರ ಬೇಟೆಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಹೀಗೆ ಸಂಪತ್ತು ಹಂಚಿಕೆಯಾದಾಗ ತನ್ನ ಪಾಲನ್ನು ಮಿತವಾಗಿ ಬಳಸುವ ಬುದ್ಧಿ ಪ್ರತಿಯೊಂದು ಜಾತಿಗೂ ಬರುತ್ತದೆ ಎಂಬುದು ಅವರ ವಾದ. ಮಾಹಿತಿ ಅಮೂಲ್ಯ, ಸಂಶಯವಿಲ್ಲ. ಆದರೆ ಈ ಹಂಚಿಕೆಯಲ್ಲಿ ಯಾರ ಪಾಲಿಗೆ ಭೂಮಿ, ಯಾರ ಪಾಲಿಗೆ ಏಡಿ ಎಂಬ ಪ್ರಶ್ನೆಯನ್ನು ಕೇಳದೆ ಸುಮ್ಮನಿರಲಾಗದು. ಪಾರಧಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟ ನಾಡಿದು. ಜಾತಿಯಲ್ಲಿ ಮಿತವ್ಯಯವನ್ನು ಕಾಣುವವರು ಅದರ ದಬ್ಬಾಳಿಕೆಯನ್ನು ಕಡಿಮೆ ಕಂಡರು ಎಂದು ಟೀಕಾಕಾರರು ಹೇಳಿದ್ದರಲ್ಲಿ ನ್ಯಾಯವಿದೆ. ಗಾಡ್ಗೀಳರ ಮುಂದಿನ ಬರಹಗಳಲ್ಲಿ ಅಸಮಾನತೆಯ ಮಾತು ಹೆಚ್ಚು ತೀಕ್ಷ್ಣವಾದುದನ್ನೂ ಹೇಳಬೇಕು. ಗುಹಾ ಅವರೊಡನೆ 1995ರಲ್ಲಿ ಬರೆದ ಎರಡನೆಯ ಪುಸ್ತಕದ ಹೆಸರಿನಲ್ಲಿಯೇ ಪರಿಸರದೊಡನೆ ಸಮಾನತೆಯ ಮಾತಿದೆ.

ಉಳಿದ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸೈಲೆಂಟ್ ವ್ಯಾಲಿಯ ಅಣೆಕಟ್ಟನ್ನು ಪರಿಶೀಲಿಸಿದ ಎಂ.ಜಿ.ಕೆ. ಮೆನನ್ ಸಮಿತಿಯ ಸದಸ್ಯರು. 1986ರಲ್ಲಿ ಘೋಷಣೆಯಾದ ದೇಶದ ಮೊದಲ ಜೀವಗೋಲ ರಕ್ಷಿತ ಪ್ರದೇಶವಾದ ನೀಲಗಿರಿಯ ಹಿಂದಿನ ಚಿಂತನೆ ಅವರದು. 2002ರ ಜೀವವೈವಿಧ್ಯ ಕಾಯ್ದೆಯ ರಚನೆಯಲ್ಲಿ ಅವರ ಪಾಲಿದೆ. ಪದ್ಮಶ್ರೀ, ಪದ್ಮಭೂಷಣ, ಭಟ್ನಾಗರ್ ಪ್ರಶಸ್ತಿ, 2015ರಲ್ಲಿ ಟೈಲರ್ ಪ್ರಶಸ್ತಿ, 2024ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಜೀವಮಾನದ ಗೌರವ ಇವೆಲ್ಲ ಬಂದವು. 2023ರಲ್ಲಿ 'ಎ ವಾಕ್ ಅಪ್ ದ ಹಿಲ್' ಎಂಬ ಆತ್ಮಕಥೆ ಪ್ರಕಟವಾಯಿತು.

ಇಲ್ಲೊಂದು ಮಾತು. ಕಾಡನ್ನು ಎಣಿಸುವ ವಿದ್ಯೆಯಲ್ಲಿ ನಮ್ಮವರೇ ಆದ ಇನ್ನೊಬ್ಬರಿದ್ದಾರೆ: ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಹುಲಿಯ ಹಿಂದೆ ಹೋದವರು. ಹೆಜ್ಜೆಗುರುತು ನೋಡಿ ಹುಲಿ ಎಣಿಸುವ ಸರ್ಕಾರಿ ಕ್ರಮದ ದೋಷವನ್ನು ತೋರಿಸಿ, ತೊಂಬತ್ತರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಪ್ರತಿ ಹುಲಿಯ ಪಟ್ಟೆಗಳಿಂದ ಅದನ್ನು ಗುರುತಿಸಿ, ಮರಳಿ ಸಿಕ್ಕ ಹುಲಿಗಳ ಪ್ರಮಾಣದಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ಸಂಖ್ಯಾಶಾಸ್ತ್ರದ ವಿಧಾನವನ್ನು ತಂದರು. ಗಾಡ್ಗೀಳರಿಗೂ ಕಾರಂತರಿಗೂ ಮನುಷ್ಯನ ವಿಷಯದಲ್ಲಿ ಅಭಿಪ್ರಾಯ ಬೇರೆಯಾಗಿತ್ತು. ದೊಡ್ಡ ಮಾಂಸಾಹಾರಿಗಳಿಗೆ ಮನುಷ್ಯನಿಲ್ಲದ ಜಾಗ ಬೇಕು, ಒಪ್ಪುವ ಕುಟುಂಬಗಳಿಗೆ ಹೊರಗೆ ಒಳ್ಳೆಯ ಪುನರ್ವಸತಿ ಕೊಡಬೇಕೆಂದು ಕಾರಂತರು. ಕಾಡನ್ನು ಕಾಯುವವರು ಅಲ್ಲಿಯ ಜನರೇ ಆಗಬೇಕೆಂದು ಗಾಡ್ಗೀಳರು. ಹುಲಿಗೆ ಒಂದು ಮಾತು ಸರಿ, ಬಿದಿರಿಗೆ ಇನ್ನೊಂದು ಮಾತು ಸರಿ ಎಂದು ನನಗೆ ತೋರುತ್ತದೆ. ಇದರಿಂದ ಇಬ್ಬರಿಗೂ ಸಮಾಧಾನವಾಗುತ್ತಿರಲಿಲ್ಲವೇನೋ.

ಈಗ ಎರಡನೆಯ ಕಾರಣಕ್ಕೆ ಬರುತ್ತೇನೆ.

2010ರ ಮಾರ್ಚಿಯಲ್ಲಿ ಕೇಂದ್ರದ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶರು ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪಶ್ಚಿಮಘಟ್ಟ ಪರಿಸರ ತಜ್ಞ ಸಮಿತಿಯನ್ನು ನೇಮಿಸಿದರು. ಸಮಿತಿ 2011ರ ಆಗಸ್ಟ್ 31ರಂದು ವರದಿ ಕೊಟ್ಟಿತು. ಸರ್ಕಾರ ಅದನ್ನು ಕಪಾಟಿನಲ್ಲಿಟ್ಟಿತು. ಕೇರಳದವರೊಬ್ಬರು ಮಾಹಿತಿ ಹಕ್ಕಿನಡಿ ಕೇಳಿ, ಮಾಹಿತಿ ಆಯೋಗ ಆದೇಶಿಸಿ, ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದ ಮೇಲೆ 2012ರ ಮೇ ತಿಂಗಳಲ್ಲಿ ಅದು ಹೊರಬಂತು. ಅಷ್ಟರಲ್ಲಿ ಅದರಲ್ಲಿ ಏನೇನಿದೆಯೆಂಬ ಸುದ್ದಿ ಊರೂರಿಗೆ ತಲುಪಿಯಾಗಿತ್ತು. ಮುಂದೆ ಕಸ್ತೂರಿರಂಗನ್ ಸಮಿತಿ, 2013ರ ಏಪ್ರಿಲ್‌ನಲ್ಲಿ ಅದರ ವರದಿ, 2014ರಲ್ಲಿ ಕರಡು ಅಧಿಸೂಚನೆ. ನಮ್ಮ ಜಿಲ್ಲೆಯಲ್ಲಿ ಗಾಡ್ಗೀಳ, ಕಸ್ತೂರಿರಂಗನ್ ಎರಡೂ ಒಂದೇ ಉಸಿರಿನ ಬೈಗುಳಗಳಾದವು.

ಊರಿನಿಂದ ಅಣ್ಣನ ಫೋನು ಬಂತು. "ತಮಾ, ನಿಂಗೆ ಇಂಗ್ಲೀಷು ಚಲೋ ಬತ್ತು, ನೀನೇ ಒಂದು ಬರ್ದುಕೊಡು" ಎಂದ. ದೆಹಲಿಗೆ ಕಳಿಸಲು ಆಕ್ಷೇಪಣೆಯ ಮನವಿ ಬೇಕಾಗಿತ್ತು. ನಾನು ಒಂದು ಭಾನುವಾರ ಕುಳಿತು, ಇಲಾಖೆಯ ಅತ್ಯುತ್ತಮ ಇಂಗ್ಲಿಷಿನಲ್ಲಿ, ಹನ್ನೊಂದು ಕಂಡಿಕೆಗಳ ಮನವಿಯನ್ನು ಬರೆದುಕೊಟ್ಟೆ. ತೋಟಕ್ಕೆ ಸೊಪ್ಪು ತರುವ ಹಕ್ಕು ಹೋಗುತ್ತದೆ, ಮನೆಗೆ ಹಂಚು ಹೊದಿಸಲು ಅನುಮತಿ ಬೇಕಾಗುತ್ತದೆ, ಜನರನ್ನು ಒಕ್ಕಲೆಬ್ಬಿಸುತ್ತಾರೆ ಎಂದೆಲ್ಲ ಅಣ್ಣ ಹೇಳಿದ್ದನ್ನು ಕ್ರಮವಾಗಿ ಜೋಡಿಸಿದೆ. ಸರ್ಕಾರಿ ನೌಕರನಾದ್ದರಿಂದ ಸಹಿ ಹಾಕಲಿಲ್ಲ; ಕರಡು ಮಾತ್ರ ನನ್ನದು. ಆ ಕರಡನ್ನು ಸುತ್ತಲಿನ ಊರುಗಳವರೂ ನಕಲು ಮಾಡಿಕೊಂಡರಂತೆ. ವರದಿಯ ಒಂದು ಪುಟವನ್ನೂ ನಾನು ಓದಿರಲಿಲ್ಲ. ಜೀವಮಾನವೆಲ್ಲ ಮೂಲ ದಾಖಲೆ ನೋಡದೆ ಸಹಿ ಹಾಕಬೇಡಿ ಎಂದು ಕೈಕೆಳಗಿನವರಿಗೆ ಹೇಳುತ್ತ ಬಂದವನು ನಾನು.

2021ರ ಜುಲೈಯಲ್ಲಿ ನಮ್ಮ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದವು. ಅಡಿಕೆ ತೋಟಗಳು, ರಸ್ತೆಗಳು ಕೊಚ್ಚಿಹೋದವು. ನಮ್ಮ ಬಂಧುಗಳ ತೋಟವೊಂದು, ಮೂರು ತಲೆಮಾರು ಕಲ್ಲು ಕಟ್ಟಿ ಮಣ್ಣು ಹೊತ್ತು ಮಾಡಿದ್ದು, ಒಂದು ರಾತ್ರಿಯಲ್ಲಿ ಕೆಸರಾಯಿತು. ನಾನು ಹೋಗಿ ನೋಡಿದಾಗ ಬಾವಿಯ ಕಟ್ಟೆ ಎಲ್ಲಿತ್ತೆಂದು ಆ ಮನೆಯವರಿಗೇ ತೋರಿಸಲಾಗಲಿಲ್ಲ. ಪುಣೆಗೆ ಮರಳಿ ಬಂದ ಮೇಲೆ ವರದಿಯನ್ನು ತೆಗೆದು ಮೊದಲ ಬಾರಿಗೆ ಓದಿದೆ.

ಸಂಖ್ಯಾಶಾಸ್ತ್ರದವನಾದ್ದರಿಂದ ಮೊದಲು ನೋಡಿದ್ದು ವಿಧಾನವನ್ನು. ಪಶ್ಚಿಮಘಟ್ಟವನ್ನೆಲ್ಲ ಸುಮಾರು ಒಂಬತ್ತು ಕಿಲೋಮೀಟರ್ ಉದ್ದ, ಒಂಬತ್ತು ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಅಲ್ಲಿ ಮಾತ್ರ ಇರುವ ಸಸ್ಯಗಳು, ಕಾಡಿನ ಪ್ರಮಾಣ, ಎತ್ತರ, ಇಳಿಜಾರು, ನದೀತೀರದ ಕಾಡು ಮುಂತಾದವಕ್ಕೆ ಅಂಕ ಕೊಟ್ಟು ಸರಾಸರಿ ತೆಗೆದಿದ್ದಾರೆ. ಲೆಕ್ಕ ಪಾರದರ್ಶಕವಾಗಿದೆ, ಯಾರು ಬೇಕಾದರೂ ಮರುಪರೀಕ್ಷಿಸಬಹುದು. ಆದರೆ ಅದನ್ನು 142 ತಾಲ್ಲೂಕುಗಳಿಗೆ ಹೊಂದಿಸಿ, ಒಂದು, ಎರಡು, ಮೂರು ಎಂದು ವಲಯಗಳನ್ನು ಹೇಳಿದಾಗ, ಪೇಟೆ, ಗದ್ದೆ, ಕಾನು ಎಲ್ಲವೂ ಸೇರಿದ ಇಡೀ ತಾಲ್ಲೂಕಿಗೆ ಒಂದೇ ಬಣ್ಣ ಬಿತ್ತು. ಇದು ವಿಧಾನದ ದೋಷ ಎಂದೇ ನನ್ನ ಅಭಿಪ್ರಾಯ. ಜನ ಹೆದರಿದ್ದು ಆ ಬಣ್ಣಕ್ಕೆ.

ನಂತರ ನನ್ನ ಹನ್ನೊಂದು ಕಂಡಿಕೆಗಳನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿದೆ. ಜನರನ್ನು ಒಕ್ಕಲೆಬ್ಬಿಸಬೇಕೆಂದು ವರದಿಯಲ್ಲಿ ಎಲ್ಲಿಯೂ ಇಲ್ಲ. ಒಂದನೆಯ ವಲಯದಲ್ಲಿ ಗಣಿಗಾರಿಕೆಯನ್ನು 2016ರೊಳಗೆ ನಿಲ್ಲಿಸಬೇಕು, ಸಾರ್ವಜನಿಕ ಭೂಮಿಯನ್ನು ಖಾಸಗಿಗೆ ಕೊಡಬಾರದು, ಹೊಸ ಗಿರಿಧಾಮಗಳು ಬೇಡ, ದೊಡ್ಡ ಅಣೆಕಟ್ಟುಗಳು ಬೇಡ, ಹಾಸನದ ಗುಂಡ್ಯ ಯೋಜನೆ ಬೇಡ, ರಾಸಾಯನಿಕ ಕೀಟನಾಶಕಗಳನ್ನು ಐದರಿಂದ ಹತ್ತು ವರ್ಷಗಳಲ್ಲಿ ಕೈಬಿಡಬೇಕು ಎಂದಿದೆ. ಕೊನೆಯದು ಅಡಿಕೆ ಬೆಳೆಗಾರನಿಗೆ ಕಷ್ಟದ್ದೇ. ಕೊಳೆರೋಗಕ್ಕೆ ಔಷಧಿ ಹೊಡೆಯುವವನ ಚಿಂತೆಯನ್ನು ಪುಣೆಯಲ್ಲಿ ಕುಳಿತು ಹಗುರವಾಗಿ ಕಾಣಬಾರದು. ಆದರೆ ವರದಿ ಅಲ್ಲಿಗೆ ಮುಗಿಯುವುದಿಲ್ಲ. ಇದು ಕೊನೆಯ ಮಾತಲ್ಲ, ಇದನ್ನು ಸ್ಥಳೀಯ ಭಾಷೆಗಳಿಗೆ ಅನುವಾದಿಸಿ ಗ್ರಾಮಸಭೆಗಳ ಮುಂದಿಟ್ಟು ಅವರ ಅಭಿಪ್ರಾಯದಂತೆ ಗಡಿಗಳನ್ನು ನಿರ್ಧರಿಸಬೇಕು ಎಂದು ಸ್ಪಷ್ಟವಾಗಿದೆ. ಮೇದಾರನ ಮಾತನ್ನು ಕೇಳಿದವರೇ ಇದನ್ನು ಬರೆದಿದ್ದಾರೆ ಎನ್ನುವುದು ನನಗೆ ಆಗ ಹೊಳೆಯಿತು. ನಮ್ಮ ಊರಿನ ಗ್ರಾಮಸಭೆಗೆ ಅದು ಕನ್ನಡದಲ್ಲಿ ಬರಲೇ ಇಲ್ಲ. ಬಂದುದು ನನ್ನ ಇಂಗ್ಲಿಷ್ ಮನವಿ.

ಕಸ್ತೂರಿರಂಗನ್ ಸಮಿತಿ ಉಪಗ್ರಹದ ಚಿತ್ರಗಳಿಂದ ಹಳ್ಳಿಯನ್ನೇ ಘಟಕವಾಗಿಟ್ಟುಕೊಂಡು ಘಟ್ಟದ ಶೇ. 37ರಷ್ಟನ್ನು, ಸುಮಾರು 60,000 ಚದರ ಕಿ.ಮೀ.ಯನ್ನು ಮಾತ್ರ ಸೂಕ್ಷ್ಮವೆಂದು ಗುರುತಿಸಿತು. ಅಳತೆಯ ಸೂಕ್ಷ್ಮತೆಯಲ್ಲಿ ಅದು ಮುಂದು. ಆದರೆ ಅಭಿವೃದ್ಧಿಯ ನಿರ್ಧಾರಗಳಲ್ಲಿ ಸ್ಥಳೀಯರ ಪಾತ್ರವನ್ನು ಅದು ಕಡಿಮೆ ಮಾಡಿದುದನ್ನು ಖಂಡಿಸಿ ಗಾಡ್ಗೀಳರು 2013ರಲ್ಲಿ ಬಹಿರಂಗ ಪತ್ರ ಬರೆದರು. ವಿಪರ್ಯಾಸವೆಂದರೆ ಹಳ್ಳಿಗರು ಬೈದದ್ದು ಹಳ್ಳಿಗರ ಅಧಿಕಾರವನ್ನು ಕೇಳಿದವರನ್ನೇ ಹೆಚ್ಚು.

2014ರ ಜುಲೈ 30ರಂದು ನಮ್ಮ ಪುಣೆ ಜಿಲ್ಲೆಯ ಆಂಬೇಗಾಂವ್ ತಾಲ್ಲೂಕಿನ ಮಾಳೀಣ ಗ್ರಾಮ ಗುಡ್ಡದಡಿ ಹೂತುಹೋಗಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತುದನ್ನು ಇಲ್ಲಿರುವ ಎಲ್ಲರೂ ಬಲ್ಲಿರಿ. ನಮ್ಮ ಸಂಘದ ಕೆಲವರು ಪರಿಹಾರಕ್ಕೆ ಹೋಗಿದ್ದಿರಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದೇ ತಿಂಗಳ 30ರಂದು, ಮಾಳೀಣಕ್ಕೆ ಸರಿಯಾಗಿ ಹತ್ತು ವರ್ಷಕ್ಕೆ, ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಮರುದಿನ, ಜುಲೈ 31ರಂದು, ಕೇಂದ್ರ ಸರ್ಕಾರ ಆರನೆಯ ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಅದರಲ್ಲಿ ಕರ್ನಾಟಕದ್ದು 20,668 ಚದರ ಕಿ.ಮೀ. ನಮ್ಮ ರಾಜ್ಯ ಮತ್ತೆ ಒಲ್ಲೆ ಎಂದಿತು. ವರದಿಯನ್ನು ಒಪ್ಪಿದ್ದರೆ ಕಳಚೆಯ ಗುಡ್ಡ ಕುಸಿಯುತ್ತಿರಲಿಲ್ಲವೆಂದು ನಾನು ಹೇಳಲಾರೆ. ಅಂಥ ಮಳೆಗೆ ಅಂಥ ಇಳಿಜಾರು ಏನಾಗುತ್ತಿತ್ತೋ ಯಾವ ಸಮೀಕರಣವೂ ಅಷ್ಟು ಖಚಿತವಾಗಿ ಹೇಳದು. ಓದದೆ ಬರೆದೆ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಪಂಚಾಯತಿಗೆ ಕರೆದುಕೊಂಡು ಹೋದ. 2002ರ ಕಾಯ್ದೆಯಂತೆ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣ ಸಮಿತಿಯೂ, ಊರಿನವರೇ ತಮ್ಮ ಗಿಡಮರ, ಪ್ರಾಣಿಪಕ್ಷಿ, ನೀರು, ನೆಲಗಳ ಬಗೆಗೆ ಬರೆದ ದಾಖಲೆ ಪುಸ್ತಕವೂ ಇರಬೇಕು. ಅದು ಗಾಡ್ಗೀಳರು ದಶಕಗಳ ಕಾಲ ಊರೂರು ತಿರುಗಿ ರೂಪಿಸಿದ ಪದ್ಧತಿ. ನಮ್ಮಲ್ಲಿಯೂ ಪುಸ್ತಕವಿತ್ತು, ಬೀರುವಿನಲ್ಲಿ. ಹೊರಗಿನ ಯಾರೋ ಗುತ್ತಿಗೆಯಲ್ಲಿ ತುಂಬಿಸಿದ್ದು. ನಮ್ಮ ಊರಿನ ಹೆಸರಿನ ಕೆಳಗೆ ನಮ್ಮಲ್ಲಿಲ್ಲದ ಮೂರು ಮೀನುಗಳಿದ್ದವು. ನಮ್ಮ ಹೊಳೆಯ ಹೆಸರಿರಲಿಲ್ಲ. ಮೇಲಿನ ಗುಡ್ಡದ ಒರತೆಗಳು, ಯಾವ ವರ್ಷ ಎಲ್ಲಿ ಬಿರುಕು ಬಿಟ್ಟಿತ್ತು, ಎಲ್ಲಿ ಮಣ್ಣು ತೆಗೆದು ರಸ್ತೆ ಮಾಡಿದರು ಎಂಬ ಯಾವುದೂ ಇರಲಿಲ್ಲ. ಅಣ್ಣ ಪುಟ ತಿರುವುತ್ತ, "ಇದನ್ನ ನಾವೇ ಬರೆಯವು" ಎಂದ. ಅವನೂ ಊರಿನ ಮೂವರು ಹಿರಿಯರೂ ಒರತೆಗಳಿಂದ ಆರಂಭಿಸಿದ್ದಾರೆ. ಇದುವರೆಗೆ ನಲವತ್ತೊಂದು ಎಣಿಸಿದ್ದಾರಂತೆ. ಹಾಳೆಗಳು ಅಂಚೆಯಲ್ಲಿ ಬರುತ್ತಿವೆ. ನಾನು ಕೋಷ್ಟಕ ಮಾಡುತ್ತಿದ್ದೇನೆ, ಈ ಸಲ ಕನ್ನಡದಲ್ಲಿ. ಘಟ್ಟದ ತಾಲ್ಲೂಕುಗಳಿಂದ ಬಂದ ಸದಸ್ಯರು ಯಾರಾದರೂ ತಮ್ಮ ಪಂಚಾಯತಿಯ ಪುಸ್ತಕವನ್ನು ತೆರೆದು ನೋಡಿದ್ದರೆ, ಚಹಾ ಹೊತ್ತಿನಲ್ಲಿ ದಯವಿಟ್ಟು ನನ್ನನ್ನು ಕಾಣಿರಿ. ನಮ್ಮ ಕೋಷ್ಟಕದ ನಮೂನೆಯ ಹತ್ತು ಪ್ರತಿಗಳನ್ನು ತಂದಿದ್ದೇನೆ.